ಹಂಚು ಕೆಂಪಗಿರಲಿಲ್ಲ

ಮಳೆ ಶುರುವಾಗುವ ಮೊದಲು ಮಂಚದ ಕೆಳಗಿನ ಟ್ರಂಕ್ ಹೊರಗೆಳೆದು, ಒಳಗಿರುವ ನನ್ನ ಚಿತ್ರದ ಹಾಳೆಗಳನ್ನೆಲ್ಲ ಬಿಸಿಲಿಗೆ ಹರಡುವುದು ನಮ್ಮನೆಯಲ್ಲಿ ಪ್ರತಿ ವರ್ಷದ ಕೆಲಸ. ಮುಂಬೈ ಹತ್ತಿರದ ಈ ಡೊಂಬಿವಲಿಯ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ. ಒಮ್ಮೆ ತೇವ ಕೂತಿತು ಅಂದರೆ ಹಾಳೆಯ ಮೇಲೆ ಕಂದು ಚುಕ್ಕಿ ಏಳುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಅದಕ್ಕೇ ಮೇ ಕೊನೆಯಲ್ಲಿ ಒಂದು ಭಾನುವಾರ ಎಲ್ಲವನ್ನೂ ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆ ಇಟ್ಟು, ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ ಮತ್ತೆ ಒಳಗಿಡುತ್ತೇನೆ. ಈ ಸಲ ಮಗಳೂ ಜೊತೆಗೆ ಕೂತಿದ್ದಳು. ಒಂದೊಂದೇ ಹಾಳೆ ತೆಗೆದು ನೋಡುತ್ತಾ, ಗೋಡೆಗೆ ಒರಗಿಸುತ್ತಾ ಇದ್ದಳು. ಅರ್ಧ ಟ್ರಂಕ್ ಖಾಲಿಯಾದ ಮೇಲೆ ಕೇಳಿದಳು, "ಅಮ್ಮಾ, ಇದರಲ್ಲಿ ನಮ್ಮನೆ ಎಲ್ಲಿದೆ?"

ನಾನು ಕೈಗೆ ಸಿಕ್ಕಿದ ಒಂದನ್ನು ತೋರಿಸಿದೆ. ಕೆಂಪು ಹಂಚು, ಎರಡು ತೆಂಗಿನ ಮರ, ಅಂಗಳದಲ್ಲಿ ತುಳಸಿಕಟ್ಟೆ.

"ಅದು ನಿನ್ನ ಮನೆ. ಅಜ್ಜಿ ಮನೆ. ನಾನು ಕೇಳಿದ್ದು ನಮ್ಮನೆ. ಈ ಮನೆ."

ಹನ್ನೊಂದು ವರ್ಷದಿಂದ ಭಾನುವಾರ ಮಧ್ಯಾಹ್ನ ಚಿತ್ರ ಬಿಡಿಸುತ್ತಿದ್ದೇನೆ. ಊಟದ ಪಾತ್ರೆ ತೊಳೆದಾಗಿ, ಮನೆಯವರು ಮಲಗಿದ ಮೇಲೆ, ಮೂರರಿಂದ ಐದೂವರೆ. ಮಗಳ ಹಳೆಯ ಪರೀಕ್ಷೆ ಪ್ಯಾಡ್, ಒಂದು ಬಿಳಿ ಪಿಂಗಾಣಿ ತಟ್ಟೆ, ಕ್ಯಾಮೆಲ್ ಟ್ಯೂಬುಗಳ ಡಬ್ಬಿ, ನೀರಿಗೆ ಎರಡು ಸ್ಟೀಲ್ ಲೋಟ. ಹಬ್ಬ, ಜ್ವರ, ನೆಂಟರು ಬಂದ ದಿನ ಬಿಟ್ಟರೆ ತಪ್ಪಿಸಿದ್ದು ಕಡಿಮೆ. ಅವತ್ತು ಎಣಿಸಿದಾಗ ನಾನ್ನೂರಕ್ಕೂ ಜಾಸ್ತಿ ಹಾಳೆ ಇದ್ದವು. ಹಂಚಿನ ಮನೆ, ಗದ್ದೆ, ತೋಡು, ದೋಣಿ, ದೇವಸ್ಥಾನದ ಕೆರೆ, ಮತ್ತೆ ಹಂಚಿನ ಮನೆ. ಡೊಂಬಿವಲಿಗೆ ಬಂದು ಇಪ್ಪತ್ನಾಲ್ಕು ವರ್ಷವಾಯಿತು. ಮಗಳು ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ. ಆ ನಾನ್ನೂರರಲ್ಲಿ ಡೊಂಬಿವಲಿ ಒಂದೇ ಒಂದು ಕಡೆಯೂ ಇರಲಿಲ್ಲ. ಅವಳು ಬೇಜಾರಿನಿಂದ ಕೇಳಿದ್ದಲ್ಲ, ಸುಮ್ನೆ ಕೇಳಿದ್ದು. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ಸ್ಮರಣಚಿತ್ರ, ವಸ್ತುಚಿತ್ರ

ಮಹಾರಾಷ್ಟ್ರದಲ್ಲಿ ಮಕ್ಕಳನ್ನು ಓದಿಸಿದವರಿಗೆ ಶಾಲೆಯ ಮಕ್ಕಳು ಬರೆಯುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳ ಬಗ್ಗೆ ಹೇಳಬೇಕಿಲ್ಲ. ಮಗಳು ಎರಡನ್ನೂ ಬರೆದಿದ್ದಳು. ಆಗ ಅವಳ ಜೊತೆ ಕೂತು ಅಭ್ಯಾಸ ಮಾಡಿಸುತ್ತಾ ಮಾಡಿಸುತ್ತಾ ನನ್ನ ಕೈಗೂ ಕುಂಚ ಬಂತು. ಅವಳ ಪರೀಕ್ಷೆ ಮುಗಿಯಿತು, ನನ್ನ ಭಾನುವಾರ ಮುಗಿಯಲಿಲ್ಲ. ಅದರಲ್ಲಿ ವಸ್ತುಚಿತ್ರ ಅಂತ ಒಂದು ಪೇಪರು, ಸ್ಮರಣಚಿತ್ರ ಅಂತ ಇನ್ನೊಂದು. ವಸ್ತುಚಿತ್ರದಲ್ಲಿ ಎದುರಿಗೆ ಪಾತ್ರೆ, ಹಣ್ಣು, ಬಟ್ಟೆ ಇಟ್ಟಿರುತ್ತಾರೆ, ನೋಡಿ ಬಿಡಿಸಬೇಕು. ಸ್ಮರಣಚಿತ್ರದಲ್ಲಿ ಎದುರಿಗೆ ಏನೂ ಇರುವುದಿಲ್ಲ. ಸಂತೆ, ಬಸ್ ಸ್ಟಾಪು, ಹಬ್ಬದ ಮನೆ ಅಂತ ವಿಷಯ ಕೊಡುತ್ತಾರೆ, ನೆನಪಿನಿಂದ ಬಿಡಿಸಬೇಕು. ಮಗಳಿಗೆ ಎರಡನೆಯದು ಕಷ್ಟವಾಗುತ್ತಿತ್ತು. ನನಗೆ ಅದೇ ಸಲೀಸು. ಕಣ್ಣು ಮುಚ್ಚಿದರೆ ಊರು ಬರುತ್ತಿತ್ತು.

ಬರುತ್ತಿದ್ದದ್ದು ಊರೇನಾ? ಮಗಳು ಕೇಳಿದ ಮೇಲೆ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿದೆ. ಹನ್ನೊಂದು ವರ್ಷದಲ್ಲಿ ಕೈ ಪಳಗಿದೆ, ಅದು ಸುಳ್ಳಲ್ಲ. ಮೊದಲಿನ ಚಿತ್ರಗಳಲ್ಲಿ ಆಕಾಶ ಪಟ್ಟೆ ಪಟ್ಟೆಯಾಗಿದೆ, ಈಚಿನವುಗಳಲ್ಲಿ ನೀರು ಹರಿದ ಹಾಗೆ ಇಳಿದಿದೆ. ಆದರೆ ತೆಂಗಿನ ಮರ ಹನ್ನೊಂದು ವರ್ಷವೂ ಎಡಗಡೆಗೇ ಬಾಗಿದೆ. ಮನೆಯ ಬಾಗಿಲು ಯಾವಾಗಲೂ ಅರ್ಧ ತೆರೆದಿದೆ. ಹಂಚಿಗೆ ಯಾವಾಗಲೂ ಅದೇ ಟ್ಯೂಬಿನ ಕೆಂಪು, ಸ್ವಲ್ಪ ಕೇಸರಿ ಬೆರೆಸಿ. ನಾನು ನೆನಪಿನಿಂದ ಬಿಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ, ಹೋದ ವಾರದ ಚಿತ್ರವನ್ನು ನೆನಪಿಟ್ಟುಕೊಂಡು ಈ ವಾರದ್ದನ್ನು ಬಿಡಿಸುತ್ತಿದ್ದೆ.

ಹಟ್ಟಿಯ ಜಗಲಿಯಲ್ಲಿ ಕೂತು

ಜುಲೈಯಲ್ಲಿ ಊರಿಗೆ ಹೋದೆ. ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಿನ ಜಾವ ಕುಂದಾಪುರ. ಅಮ್ಮನಿಗೆ ಕೊಡೋಣ ಅಂತ ಹಂಚಿನ ಮನೆಯ ಚಿತ್ರವೊಂದಕ್ಕೆ ಫ್ರೇಮ್ ಹಾಕಿಸಿ, ಸೀರೆಯ ನಡುವೆ ಇಟ್ಟು ತಂದಿದ್ದೆ. ಅಮ್ಮನಿಗೆ ಈಗ ಎಪ್ಪತ್ತೆಂಟು. ಕನ್ನಡಕ ಹುಡುಕಿ ತಂದು, ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ಲಾಯ್ಕ್ ಇತ್ತ್. ಇದ್ ಯಾರ್ ಮನಿ ಮಗಾ?"

"ನಮ್ದೇ ಅಮ್ಮ."

"ನಮ್ದಾ? ನಮ್ ಮನಿ ಹಂಚ್ ಇಷ್ಟ್ ಕೆಂಪ್ ಯಾವಾಗಿತ್ತ್?" ಅವಳು ತಮಾಷೆಗೆ ಹೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. "ಹೊರ್ಗ್ ಹೋಯಿ ಕಾಣ್" ಅಂದಳು.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ದನದ ಹಟ್ಟಿಯ ಜಗಲಿಯಲ್ಲಿ ಕೂತು ಎದುರಿನ ನಮ್ಮನೆಯ ಮಾಡನ್ನು, ಅಂದರೆ ಚಾವಣಿಯನ್ನು, ನೋಡಿದೆ. ಹುಟ್ಟಿ ಬೆಳೆದ ಮನೆ. ಆ ಮಾಡನ್ನು ನೋಡುವುದಕ್ಕೆಂದೇ ಒಮ್ಮೆಯೂ ಕೂತಿರಲಿಲ್ಲ. ಹಂಚು ಕಪ್ಪಗಿತ್ತು. ಒಂದೇ ಕಪ್ಪಲ್ಲ. ಮೇಲ್ತುದಿಯಲ್ಲಿ ದೋಸೆ ಕಾವಲಿಯ ಕಪ್ಪು. ಹಲಸಿನ ಮರದ ನೆರಳು ಬೀಳುವ ಕಡೆ ದಪ್ಪ ಹಾವಸೆ, ಮಳೆ ಕುಡಿದು ಹೊಳೆಯುವ ಹಸಿರು. ಅದರ ಪಕ್ಕ ರೂಪಾಯಿ ಅಗಲದ ಬೂದುಬಿಳಿ ಕಲೆಗಳು. ನಡುವೆ ಏಳು ಹಂಚು ಮಾತ್ರ ಇಟ್ಟಿಗೆ ಬಣ್ಣದ್ದು. ಎರಡು ವರ್ಷದ ಹಿಂದೆ ತೆಂಗಿನಕಾಯಿ ಬಿದ್ದು ಒಡೆದದ್ದಕ್ಕೆ ಅಣ್ಣ ಹೊಸದು ಹಾಕಿಸಿದ್ದನಂತೆ. ಅಡುಗೆಮನೆಯ ಮೇಲೆ ಹಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು. ಮೇಲೆ ಹೋಗದೆ, ಒದ್ದೆ ಹಂಚಿಗೆ ಅಂಟಿಕೊಂಡ ಹಾಗೆ ಕೆಳಗೆ ಇಳಿಯುತ್ತಿತ್ತು. ಮೂಲೆಯಲ್ಲಿ ತೆಗೆದಿಟ್ಟ ಹಳೆಯ ಹಂಚುಗಳ ರಾಶಿ. ಒಂದನ್ನು ತಿರುಗಿಸಿದರೆ ಹೊಟ್ಟೆಯ ಮೇಲೆ ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರು. ಆ ಕಡೆ ಮಾತ್ರ ಹಂಚು ಇನ್ನೂ ಕೆಂಪಗಿತ್ತು. ಬಿಸಿಲು ಮಳೆ ಕಾಣದ ಕಡೆ.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ನಮ್ಮ ಕಡೆಯ ಹಂಚು ಹಡಗು ಹತ್ತಿ ಮುಂಬೈಗೂ ಬಂತು. ಇಲ್ಲಿನ ಎಷ್ಟೋ ಹಳೆಯ ಮಾಡುಗಳ ಮೇಲೆ ಇರುವುದು ಅದೇ. ರೈಲಿನಿಂದ ಅಂಥ ಮಾಡು ಕಂಡಾಗಲೆಲ್ಲ ನನಗೆ ಊರು ನೆನಪಾಗುತ್ತಿತ್ತು. ಅವೂ ಕಪ್ಪಗೇ ಇದ್ದವು. ಕಪ್ಪು ಹಂಚು ನೋಡುತ್ತಾ ಬಂದು ಕೆಂಪು ಹಂಚು ಬಿಡಿಸುತ್ತಿದ್ದೆ.

ಅವತ್ತು ಅಲ್ಲೇ ಕೂತು ಪೆನ್ಸಿಲ್ಲಿನಲ್ಲಿ ಮಾಡಿನ ಒಂದು ಮೂಲೆ ಬಿಡಿಸಿದೆ. ಬರೀ ಮೂಲೆ, ಹದಿನೈದು ಹಂಚು ಇರಬಹುದು. ಒಂದೂವರೆ ಗಂಟೆ ಹಿಡಿಯಿತು. ಒಂದೊಂದು ಹಂಚೂ ಪಕ್ಕದ್ದರ ಹಾಗಿರಲಿಲ್ಲ. ಸಂಜೆ ಅಮ್ಮನಿಗೆ ತೋರಿಸಿದೆ. ಕನ್ನಡಕವನ್ನೂ ಹಾಕಿಕೊಳ್ಳದೆ, "ಹ್ಞಾ, ಇದ್ ನಮ್ ಅಡುಗೆಮನಿ ಮೂಲೆ" ಅಂದಳು.

ಹೆಬ್ಬಾರರ ಗೆರೆ

ವಾಪಸು ಬಂದ ವಾರ ಆಫೀಸು ಬಿಟ್ಟ ಮೇಲೆ ಜೆ.ಜೆ. ಕಲಾಶಾಲೆಯ ಮುಂದೆ ನಿಂತಿದ್ದೆ. ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನನ್ನ ಆಫೀಸಿಗೆ ದಿನವೂ ಅದರ ಗೇಟಿನ ಮುಂದೆಯೇ ಹೋಗುತ್ತೇನೆ. 1857ರ ಶಾಲೆ. ಅದರ ಮರಗಳ ನೆರಳು ಗೇಟಿನ ಹೊರಗಿಂದಲೂ ಕಾಣುತ್ತದೆ. ನಮ್ಮ ಕಡೆಯವರಿಗೆ ಆ ಗೇಟು ಅಂದರೆ ಚಿತ್ರಕಾರ ಕೆ. ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಗೆ ಬಂದು, ಇಲ್ಲಿ ಕಲಿತು, ಕೆಲವು ವರ್ಷ ಇಲ್ಲೇ ಕಲಿಸಿದವರು. 1996ರಲ್ಲಿ ತೀರಿಕೊಂಡಿದ್ದೂ ಮುಂಬೈಯಲ್ಲೇ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವರ ಚಿತ್ರಗಳಿವೆ. ಒಮ್ಮೆ ನೋಡಿದ್ದೇನೆ. ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಬಣ್ಣಕ್ಕಿಂತ ಗೆರೆ. ಕುಣಿಯುವವರ ಮೈ ನಾಲ್ಕೈದು ಗೆರೆಯಲ್ಲಿ ಎದ್ದು ನಿಲ್ಲುತ್ತದೆ. ಗೆರೆಗೆ ಲಯ ಬೇಕು ಅಂತ ಅವರು ಕಥಕ್ ಕಲಿತಿದ್ದರು. ಇದನ್ನು ಮೊದಲ ಸಲ ಓದಿದಾಗ ದೊಡ್ಡವರ ದೊಡ್ಡ ವಿಷಯ ಅಂದುಕೊಂಡು ಮುಂದೆ ಹೋಗಿದ್ದೆ. ಹಟ್ಟಿಯ ಜಗಲಿಯಲ್ಲಿ ಒಂದೂವರೆ ಗಂಟೆ ಕೂತು ಬಂದ ಮೇಲೆ ಆ ಮಾತು ಬೇರೆಯಾಗಿ ಕೇಳಿಸಿತು. ಕುಣಿತವನ್ನು ಬಿಡಿಸಬೇಕಾದರೆ ಕುಣಿತ ಏನು ಅಂತ ಕಾಲಿಗೆ ಗೊತ್ತಾಗಬೇಕು ಅಂತ ಆ ಮನುಷ್ಯ ಕಾಲಿಗೆ ಗೆಜ್ಜೆ ಕಟ್ಟಿದರು. ನಾನು ನನ್ನ ಕಿಟಕಿಯ ಪರದೆಯನ್ನೂ ಸರಿಸಿರಲಿಲ್ಲ.

ಮೆಗಾಬ್ಲಾಕಿನ ಭಾನುವಾರ

ಆಗಸ್ಟಿನ ಮೊದಲ ಭಾನುವಾರ ಪರದೆ ಸರಿಸಿ ಕೂತೆ. ಅವತ್ತು ಮೆಗಾಬ್ಲಾಕ್, ಹಳಿ ರಿಪೇರಿಗೆ ಅಂತ ರೈಲು ಕಡಿಮೆ ಮಾಡುವ ದಿನ, ರೈಲಿನ ಸದ್ದು ಅಷ್ಟಾಗಿ ಇರಲಿಲ್ಲ. ನಮ್ಮದು ಮೂರನೇ ಮಹಡಿ. ಎದುರಿಗೆ ಒಂದು ನಾಲೆ, ಅದರಾಚೆ ಇನ್ನೊಂದು ಬಿಲ್ಡಿಂಗಿನ ಹಿಂಭಾಗ. ಹಿಂಭಾಗ ಅಂದ ಮೇಲೆ ಗೊತ್ತಲ್ಲ, ಕೊಳವೆಗಳು, ಬಚ್ಚಲ ಕಿಟಕಿಗಳು, ಎಸಿಯ ಡಬ್ಬಗಳು, ಗ್ರಿಲ್ಲಿನೊಳಗೆ ತುಂಬಿಟ್ಟ ಸಾಮಾನು. ಯಾವಾಗಲೋ ಗುಲಾಬಿ ಬಣ್ಣ ಬಳಿದ ಗೋಡೆ. ತಾರಸಿ ಸೋರುತ್ತದೆ ಅಂತ ನೀಲಿ ತಾಡಪತ್ರಿ ಹೊದಿಸಿ ಇಟ್ಟಿಗೆ ಹೇರಿದ್ದರು. ಇಪ್ಪತ್ನಾಲ್ಕು ವರ್ಷ ಈ ಕಿಟಕಿಯಲ್ಲಿ ಬಟ್ಟೆ ಒಣಗಿಸಿದ್ದೇನೆ.

ಒದ್ದೆ ಗೋಡೆಯ ಬೂದು ಬಣ್ಣಕ್ಕೇ ಮೂರು ಭಾನುವಾರ ಹೋಯಿತು. ಕಪ್ಪು ಟ್ಯೂಬಿಗೆ ನೀರು ಹಾಕಿದರೆ ಬೂದು ಬರುತ್ತದೆ, ಆದರೆ ಅದು ಸತ್ತ ಬೂದು. ಗೋಡೆ ಅಲ್ಲ, ಸ್ಲೇಟು ಆಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿದರೆ ಬರುವ ಬೂದು ಬೇರೆ. ನೀಲಿ ಸ್ವಲ್ಪ ಜಾಸ್ತಿಯಾದರೆ ಮೋಡದ ಕಡೆ ಹೋಗುತ್ತದೆ, ಕಂದು ಜಾಸ್ತಿಯಾದರೆ ತುಕ್ಕಿನ ಕಡೆ. ಒರಟು ಹಾಳೆಯ ಮೇಲೆ ಆ ನೀಲಿ ನೀರಿನಿಂದ ಬೇರೆಯಾಗಿ, ಸಣ್ಣ ಸಣ್ಣ ಕಣವಾಗಿ ಕಾಗದದ ಗುಂಡಿಗಳಲ್ಲಿ ಕೂರುತ್ತದೆ. ಮಳೆಯಲ್ಲಿ ನೆಂದ ಸಿಮೆಂಟು ದೂರದಿಂದ ಹಾಗೇ ಕಾಣುವುದು. ಆದರೆ ಆಗಸ್ಟಿನಲ್ಲಿ ಹಾಳೆ ಬೇಗ ಒಣಗುವುದಿಲ್ಲ. ಅರ್ಧ ಒಣಗಿದೆ ಅಂತ ಮತ್ತೊಂದು ಕುಂಚ ನೀರು ಇಟ್ಟರೆ ಹೂಕೋಸಿನ ಅಂಚಿನ ಹಾಗೆ ಕಲೆ ಹರಡುತ್ತದೆ. ಮೊದಲ ಎರಡು ಹಾಳೆ ಹಾಗೇ ಹೋದವು. ಮೂರನೆಯದರಲ್ಲಿ ಆ ಕಲೆ ಬಿದ್ದಾಗ ತಲೆಯೆತ್ತಿ ಗೋಡೆ ನೋಡಿದೆ. ಗೋಡೆಯ ಮೇಲೂ ನೀರು ಇಳಿದು ಒಣಗಿದ ಕಡೆ ಅದೇ ಅಂಚಿತ್ತು. ಅದನ್ನು ಹಾಗೇ ಬಿಟ್ಟೆ.

ಎದುರಿನ ಎರಡನೇ ಮಹಡಿಯಲ್ಲಿ ಒಬ್ಬ ಆಜಿ, ಮರಾಠಿ ಅಜ್ಜಿ, ಇದ್ದರು. ಗ್ರಿಲ್ಲಿಗೆ ಒರಗಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮುಖ ಎಷ್ಟೋ ವರ್ಷದಿಂದ ಗೊತ್ತು, ಹೆಸರು ಗೊತ್ತಿಲ್ಲ. ಅವರ ಕಿಟಕಿಯ ಸುತ್ತ ಬಿರುಕು ಜಾಸ್ತಿ ಇತ್ತು, ಕೆಳಗೆ ಗೋಡೆಯ ಸಂದಿಯಲ್ಲಿ ಒಂದು ಅರಳಿ ಗಿಡ ಎದ್ದಿತ್ತು. ನನಗೆ ಆ ಭಾಗವೇ ಇಷ್ಟವಾಯಿತು. ತಲೆಯೆತ್ತುವುದು, ನೋಡುವುದು, ತಲೆ ಬಗ್ಗಿಸಿ ಹಾಳೆಗೆ ಹಾಕುವುದು, ಮತ್ತೆ ತಲೆಯೆತ್ತುವುದು. ಮೂರನೇ ಭಾನುವಾರ ನಾನು ತಲೆಯೆತ್ತಿದಾಗ ಆಜಿ ನನ್ನನ್ನೇ ನೋಡುತ್ತಿದ್ದರು. ಎದ್ದು ಪರದೆ ಎಳೆದುಬಿಟ್ಟರು.

ಅವತ್ತು ಮುಂದೆ ಕೈ ಓಡಲಿಲ್ಲ. ಊರಿನ ಮನೆ ಬಿಡಿಸುವಾಗ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ, ಅಲ್ವಾ? ಅಲ್ಲಿ ಬಾಗಿಲು ಯಾವಾಗಲೂ ಅರ್ಧ ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಇಲ್ಲಿ ಗ್ರಿಲ್ಲಿನ ಹಿಂದೆ ಒಬ್ಬರು ಕೂತಿದ್ದಾರೆ, ಅವರಿಗೂ ಕಣ್ಣಿದೆ. ವಾರವಿಡೀ ಅದೇ ಯೋಚನೆ. ಶನಿವಾರ ಸಂಜೆ ಹಾಳೆಯನ್ನು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ನಾಲೆಯ ಸೇತುವೆ ದಾಟಿ ಅವರ ಬಿಲ್ಡಿಂಗಿಗೆ ಹೋದೆ. ಪೆನ್ಸಿಲು, ಸಣ್ಣ ಪುಸ್ತಕ ಬ್ಯಾಗಿನಲ್ಲಿ ಹೇಗೂ ಇರುತ್ತವೆ. ಕಿಟಕಿಯಿಂದ ಕಿಟಕಿಗೆ ಕೂಗಿದರೆ ಕೇಳಿಸುವಷ್ಟು ಹತ್ತಿರ. ನಡೆದು ಹೋಗಲು ಹತ್ತು ನಿಮಿಷ ಬೇಕಾಯಿತು.

ಆಜಿ ಬಾಗಿಲು ಪೂರ್ತಿ ತೆರೆಯಲಿಲ್ಲ. ನನ್ನ ಮರಾಠಿಯಲ್ಲಿ, ಎದುರಿನ ಬಿಲ್ಡಿಂಗಿನವಳು, ಚಿತ್ರ ಬಿಡಿಸುತ್ತಿದ್ದೆ, ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ ಅಂದೆ. "ಚಿತ್ರಾನಾ?" ಅಂತ ಅವರ ಮುಖ ಸಡಿಲವಾಯಿತು. "ನಾನು ಬೇರೆ ಅಂದುಕೊಂಡಿದ್ದೆ. ನೋಡುವುದು ಬರೆಯುವುದು, ನೋಡುವುದು ಬರೆಯುವುದು. ಬಿರುಕಿನ ಲೆಕ್ಕ ಬರೆದುಕೊಳ್ಳುತ್ತಿದ್ದಾರೆ ಅಂದುಕೊಂಡೆ. ಬಿಲ್ಡಿಂಗ್ ಖಾಲಿ ಮಾಡಿ ಅಂತ ನೋಟಿಸು ಬಂದರೆ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ?"

ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಮಳೆಗಾಲ ಬಂತು ಅಂದರೆ ಹಳೆಯ ಬಿಲ್ಡಿಂಗುಗಳಲ್ಲಿ ಇರುವವರು ಗೋಡೆ ನೋಡಿಕೊಂಡೇ ದಿನ ಕಳೆಯುತ್ತಾರೆ. ನನಗೂ ಗೊತ್ತಿರುವ ವಿಷಯವೇ. ಆ ಬಿರುಕುಗಳಿಗೆ ತೆಳುವಾದ ಕುಂಚ ಹುಡುಕಿ, ಉಸಿರು ಹಿಡಿದು ಗೆರೆ ಎಳೆದಿದ್ದೆ. ಅದೇ ಗೆರೆ ಅವರಿಗೆ ರಾತ್ರಿ ನಿದ್ದೆ ಕೊಡುತ್ತಿರಲಿಲ್ಲ.

"ಬಸಾ" ಅಂದು ಒಳಗೆ ಕರೆದು ಕೂರಿಸಿದರು. ಚಿತ್ರವನ್ನು ಊಟದ ಮೇಜಿನ ಮೇಲೆ ಇಟ್ಟು ಟ್ಯೂಬ್‌ಲೈಟ್ ಹಾಕಿದರು. ಆ ಮನೆಗೆ ಬಂದು ಮೂವತ್ತೈದು ವರ್ಷವಾಗಿದೆಯಂತೆ. ಈ ಕಡೆಯಿಂದ ತಮ್ಮ ಮನೆಯನ್ನು ಅವರು ನೋಡಿರಲೇ ಇಲ್ಲ. ಹಿಂಭಾಗದಲ್ಲಿ ನಾಲೆ, ಅಲ್ಲಿ ಯಾರು ಹೋಗಿ ನಿಲ್ಲುತ್ತಾರೆ? ಬೆರಳಿಟ್ಟು ಎಣಿಸಿದರು. ಇದು ಬಚ್ಚಲ ಕಿಟಕಿ. ಇದು ಅಡುಗೆಮನೆ. ಇದು ನನ್ನ ತುಳಸಿ. ಇದು ಮೊಮ್ಮಗನ ಸೈಕಲ್ ಚಕ್ರ, ಅಯ್ಯೋ, ಅದೂ ಕಾಣುತ್ತಾ! ಆಮೇಲೆ ಬೆರಳು ಕಿಟಕಿಯ ಕೆಳಗೆ ನಿಂತಿತು.

"ಇದೇನು?"

"ಅರಳಿ ಗಿಡ."

"ನಮ್ಮ ಗೋಡೆಯಲ್ಲಾ? ಎಷ್ಟು ದೊಡ್ಡದಿದೆ?"

ಗ್ರಿಲ್ಲಿಗೆ ಕೆನ್ನೆ ಒತ್ತಿ ಕೆಳಗೆ ನೋಡಲು ಹೋದರು, ಕಾಣಲಿಲ್ಲ. ನಾನೂ ನೋಡಿದೆ. ಗೋಡೆಯ ಅಂಚು ಮುಂದಕ್ಕೆ ಬಂದಿರುವುದರಿಂದ ಒಳಗಿನಿಂದ ಅದು ಕಾಣುವುದೇ ಇಲ್ಲ. ಅರಳಿಯ ಬೇರು ಹೊಕ್ಕರೆ ಗೋಡೆ ಉಳಿಯುವುದಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಮೊಣಕೈವರೆಗೆ ಬರುತ್ತದೆ, ಹತ್ತು ಹನ್ನೆರಡು ಎಲೆ ಇದೆ ಅಂದೆ. ಎಲೆಯ ಲೆಕ್ಕ ನನಗೆ ಸರಿಯಾಗಿ ಗೊತ್ತಿತ್ತು. ಒಂದೊಂದನ್ನೂ ಬಿಡಿಸಿದ್ದೆ. ಆಜಿ ಅಲ್ಲೇ ಮಗನಿಗೆ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಒಬ್ಬ ಹುಡುಗ ತಾರಸಿಯಿಂದ ಹಗ್ಗ ಕಟ್ಟಿಕೊಂಡು ಇಳಿದು ಅದನ್ನು ಬೇರುಸಮೇತ ಕಿತ್ತು, ಆ ಜಾಗಕ್ಕೆ ಸಿಮೆಂಟು ತುಂಬಿದ. ನಾನು ಈಚೆ ಕಿಟಕಿಯಲ್ಲಿ ನಿಂತು ನೋಡಿದೆ. ಚಿತ್ರದಲ್ಲಿ ಗಿಡ ಇನ್ನೂ ಇದೆ.

ಅದಕ್ಕೂ ಮೊದಲು, ಶನಿವಾರ ಸಂಜೆಯೇ, ಹೊರಡಲು ಎದ್ದಾಗ ಆಜಿ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. "ನನ್ನದನ್ನು ತೋರಿಸಿದೆ. ನಿನ್ನದನ್ನೂ ನೋಡು" ಅಂದರು. ಪರದೆ ಪೂರ್ತಿ ಸರಿಸಿದರು. ಮಳೆ ನಿಂತು ಬೆಳಕು ಇನ್ನೂ ಇತ್ತು. ನಾಲೆಯಾಚೆ ನಮ್ಮ ಬಿಲ್ಡಿಂಗು. ಗೋಡೆಯ ತುಂಬ ನೀರಿಳಿದ ಕಲೆ, ಒಂದೇ ಥರದ ಗ್ರಿಲ್ಲುಗಳು, ಒಂದೇ ಥರದ ಕೊಳವೆಗಳು. ಎಲ್ಲೋ ಒಂದು ಎಸಿಯ ಸ್ಟ್ಯಾಂಡಿನಿಂದ ತುಕ್ಕಿನ ಗೆರೆ ಎರಡು ಮಹಡಿ ಉದ್ದಕ್ಕೆ ಇಳಿದಿತ್ತು. ಬ್ಯಾಗಿನಿಂದ ಪೆನ್ಸಿಲು, ಸಣ್ಣ ಪುಸ್ತಕ ತೆಗೆದೆ. ಆಜಿ ಒಂದು ಸ್ಟೂಲ್ ತಂದಿಟ್ಟು ಚಹಾಕ್ಕೆ ನೀರಿಟ್ಟರು. ಮೊದಲ ಗೆರೆ ಎಳೆಯುವ ಮೊದಲು ನಮ್ಮನೆ ಯಾವುದು ಅಂತ ಬೆರಳಿಟ್ಟು ಎಣಿಸಬೇಕಾಯಿತು. ನೆಲದಿಂದ ಮೇಲಕ್ಕೆ ಮೂರು ಮಹಡಿ, ಎಡದಿಂದ ಎರಡನೇ ಕಿಟಕಿ. ಹಳದಿ ಬಕೆಟ್ ಇರುವುದು.